ಕಿವಿ ನೋಡಿ ಬೀಜದ ಕುದುರೆ ಆರಿಸಬೇಡಿ

ಮಾನ್ಯರೇ,

ರಾಜಸ್ಥಾನದ ಪುಷ್ಕರ, ತಿಲವಾಡಾ ಜಾತ್ರೆಗಳಲ್ಲಾಗಲಿ, ಮಹಾರಾಷ್ಟ್ರದ ಸಾರಂಗಖೇಡದಲ್ಲಾಗಲಿ ಮಾರವಾಡಿ ಕುದುರೆಗೆ ಬೆಲೆ ಏರುವುದು ಕಿವಿ, ಬಣ್ಣ, ಎತ್ತರ ನೋಡಿ. ಅಲ್ಲಿಂದ ತಂದು ನಮ್ಮ ರಾಜ್ಯದಲ್ಲಿ ಮರಿ ಮಾಡಿಸುವವರೂ ಇದೇ ಲೆಕ್ಕ ಹಿಡಿದರೆ ಸವಾರಿಯ ತಳಿ ಉಳಿಯುವುದಿಲ್ಲ.

ತುದಿಗೆ ತುದಿ ತಾಗುವಂತೆ ಒಳಕ್ಕೆ ಬಾಗಿದ ಕಿವಿ ತಳಿಯ ಗುರುತು, ನಿಜ. ಕಾಠಿಯಾವಾಡಿ ಕುದುರೆಗೂ ಅದಿದೆ. ಆದರೆ ಬೆನ್ನು, ಕಾಲು ಹೇಗಿವೆ ಎಂಬುದನ್ನು ಕಿವಿ ಹೇಳುವುದಿಲ್ಲ. ಮದುವೆ ಮೆರವಣಿಗೆಗೆ ಬೇಡಿಕೆಯಿರುವ, ನುಕ್ರಾ ಎಂದು ಕರೆಯುವ ಬಿಳಿ ಕುದುರೆಯ ಗುಲಾಬಿ ಚರ್ಮ ಬಿಸಿಲಿಗೆ ಸುಡುತ್ತದೆ. ಮೂಗು, ಕಣ್ಣಿನ ಸುತ್ತ ಹುಣ್ಣಾಗುತ್ತದೆ. ಎತ್ತರ 58ರಿಂದ 62 ಇಂಚು ಇದ್ದರೆ ಸಾಕು. ಇನ್ನೂ ಎತ್ತರ ಬೇಕೆಂದು ರೇಸಿನ ಥರೋಬ್ರೆಡ್ ತಳಿಯ ಗಂಡಿನಿಂದ ಮರಿ ಮಾಡಿಸಿದರೆ ಎತ್ತರವೇನೋ ಬಂದೀತು, ಆದರೆ ರೇವಾಲ್ ನಡಿಗೆ ಕೈತಪ್ಪುತ್ತದೆ.

ಈ ತಳಿಯ ಆಸ್ತಿಯೇ ರೇವಾಲ್. ಒಂದೇ ಮಗ್ಗುಲಿನ ಮುಂಗಾಲು, ಹಿಂಗಾಲು ಹೆಚ್ಚುಕಡಿಮೆ ಒಟ್ಟಿಗೆ ಮುಂದಕ್ಕೆ ಬರುವುದರಿಂದ ಸವಾರ ಜೀನಿನ ಮೇಲೆ ಕುಪ್ಪಳಿಸುವುದಿಲ್ಲ. ಮರಳುಗಾಡಿನಲ್ಲಿ ದೂರ ಸಾಗಿದರೂ ಸೊಂಟ ಸೋಲದು. ಕಾಲಿಗೆ ಹಗ್ಗ ಕಟ್ಟಿ ಕಲಿಸಿದ ನಡಿಗೆ ಮರಿಗೆ ಇಳಿಯುವುದಿಲ್ಲ. ಆದ್ದರಿಂದ ಗಂಡನ್ನು ಆರಿಸುವ ಮೊದಲು ಅದರ ಮರಿಗಳು ತಾಯಿಯ ಪಕ್ಕದಲ್ಲಿ ತಮ್ಮಷ್ಟಕ್ಕೆ ಹೇಗೆ ಓಡುತ್ತವೆ ಎಂದು ನೋಡಿ. ಲಗಾಮು ಸಡಿಲ ಬಿಟ್ಟು, ಸಮತಟ್ಟಾದ ಗಟ್ಟಿ ನೆಲದ ಮೇಲೆ ಗಂಡನ್ನೂ ನಡೆಸಿ ನೋಡಿ.

ಆಮೇಲೆ ಕಾಲು. ಮುಂದೆ ನಿಂತು ಭುಜದ ತುದಿಯಿಂದ ತೂಕದ ಗುಂಡಿನ ದಾರ ಇಳಿಬಿಟ್ಟರೆ ಅದು ಮಂಡಿಯನ್ನೂ ಗೊರಸನ್ನೂ ಸಮನಾಗಿ ಸೀಳಬೇಕು. ಹಿಂದಿನಿಂದ ನೋಡಿದಾಗ ಹಿಂಗಾಲಿನ ಕೀಲುಗಳು ತುಸು ಒಳಕ್ಕೆ ಬಾಗಿರುವುದು ಈ ತಳಿಯಲ್ಲಿ ಸಾಮಾನ್ಯ. ಒಂದಕ್ಕೊಂದು ಉಜ್ಜುವಷ್ಟಿದ್ದರೆ ಬೇಡ, ಆ ಕೀಲು ಬೇಗ ಸವೆಯುತ್ತದೆ. ಮೇಲಿನ ಹಲ್ಲು ಗಿಣಿಯ ಕೊಕ್ಕಿನಂತೆ ಮುಂದೆ ಚಾಚಿದ್ದರೆ ಅಥವಾ ಒಂದು ವೃಷಣ ಇಳಿಯದೇ ಇದ್ದರೆ ಕಿವಿ ಎಷ್ಟೇ ಚೆಂದವಿದ್ದರೂ ಅದನ್ನು ಬೀಜಕ್ಕೆ ಬಿಡಬಾರದು. ಸುಳಿ ನೋಡುವವರು ನೋಡಲಿ. ಆದರೆ ಕಣ್ಣಿನ ಕೆಳಗೆ ಸುಳಿಯಿದೆ ಎಂದು ಒಳ್ಳೆಯ ಕಾಲಿನ ಹೆಣ್ಣನ್ನು ಮಾರಿಬಿಡುವುದು ತಳಿಗೇ ನಷ್ಟ.

ಹೆಣ್ಣಿಗೆ ಮೂರು ವರ್ಷ ತುಂಬದೆ ಗಂಡು ಕೊಡಬೇಡಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಬಂದು 5ರಿಂದ 7 ದಿನ ಇರುತ್ತದೆ. ಅಂಡ ಬಿಡುವುದು ಕೊನೆಯ ಒಂದೆರಡು ದಿನಗಳಲ್ಲಿ. ಮೊದಲ ದಿನವೇ ಒಮ್ಮೆ ಕೂಡಿಸಿ ಸುಮ್ಮನಾಗುವುದರಿಂದಲೇ ಬಹಳಷ್ಟು ಸಲ ಗಬ್ಬ ನಿಲ್ಲುವುದಿಲ್ಲ. ಮೂರನೇ ದಿನದಿಂದ ದಿನ ಬಿಟ್ಟು ದಿನ, ಬೆದೆ ಇಳಿಯುವ ತನಕ ಕೂಡಿಸಬೇಕು. ಅಂಡ ಬಿಟ್ಟ 14ರಿಂದ 16ನೇ ದಿನದೊಳಗೆ ಗಬ್ಬದ ಸ್ಕ್ಯಾನ್ ಆಗಲಿ. ಅವಳಿಯಾದರೆ ಹೆಚ್ಚಿನವು ಕಂದು ಹಾಕುತ್ತವೆ. ಈಯ್ದ ಮೂರು ಗಂಟೆಯೊಳಗೆ ಸತ್ತೆ (ಮಾಸು) ಬೀಳದಿದ್ದರೆ ವೈದ್ಯರನ್ನು ಕರೆಸಿ, ಆ ಸಲದ ಮೊದಲ ಬೆದೆಯನ್ನು ಬಿಟ್ಟುಬಿಡಿ.

ಹೆಸರಾಂತ ಒಂದೇ ಗಂಡಿನ ಹಿಂದೆ ಎಲ್ಲರೂ ಬಿದ್ದರೆ ಇನ್ನೊಂದು ಅಪಾಯವಿದೆ. ಒಂದೇ ತಂದೆಯ, ಬೇರೆ ತಾಯಂದಿರ ಮಕ್ಕಳನ್ನು ಕೂಡಿಸಿದರೆ ಮರಿಯ ಒಳಸಂತಾನದ ಪ್ರಮಾಣ (ತಂದೆ, ತಾಯಿ ಎರಡೂ ಕಡೆಯಿಂದ ಒಂದೇ ವಂಶವಾಹಿ ಬರುವ ಸಾಧ್ಯತೆ) ಶೇ 12.5, ತಂದೆ–ಮಗಳನ್ನು ಕೂಡಿಸಿದರೆ ಶೇ 25. ಗಬ್ಬ ನಿಲ್ಲದಿರುವುದು, ಮರಿ ಬಡಕಲಾಗುವುದು ಇದರ ಫಲ. ಬಾಯಿಮಾತಿನ ವಂಶಾವಳಿ ನಂಬದೆ ಮೈಕ್ರೋಚಿಪ್, ಡಿಎನ್‌ಎ ಪರೀಕ್ಷೆ ಕೇಳಿ. ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ್ ಘಟಕ ಮಾರವಾಡಿಯ ಹೆಪ್ಪುಗಟ್ಟಿಸಿದ ವೀರ್ಯದ ಕೆಲಸದಲ್ಲಿ ಪಳಗಿದೆ. ನಮ್ಮ ಪಶುಸಂಗೋಪನಾ ಇಲಾಖೆ ಅಲ್ಲಿಂದ ಬೀಜ ತರಿಸಿ, ಜಿಲ್ಲೆಗೆ ಒಬ್ಬರಾದರೂ ವೈದ್ಯರಿಗೆ ತರಬೇತಿ ಕೊಡಿಸಲಿ.

ಹಾಗೆಯೇ ಭೀಮಾ ಸೀಮೆಯ ಗಿಡ್ಡ ಭೀಮಥಡಿ ಕುದುರೆ ಈಗ ಅಧಿಕೃತ ತಳಿ. ಅದರ ಹೆಣ್ಣುಗಳಿಗೆ ಎತ್ತರದ ಆಸೆಯಿಂದ ಮಾರವಾಡಿ ಗಂಡು ಬಿಡಬಾರದು. ಭೀಮಥಡಿಗೆ ಭೀಮಥಡಿಯೇ ಗಂಡು ಸಿಗುವಂತೆ ಇಲಾಖೆ ನೋಡಿಕೊಳ್ಳಬೇಕು.

– ಒಬ್ಬ ಪಶುವೈದ್ಯ, ವಿಜಯಪುರ