ಹಾಸಿಗೆ ಹಾಸುವವರಿಂದ ದೂರವಿರು

ಜಮಖಂಡಿ
ಕಾರ್ತಿಕ ಮಾಸ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಹೆಂಡತಿ ನಿನ್ನೆ ಫೋನ್ ಮಾಡಿದ್ದಳು. ನಿನ್ನ ಎಡಗಾಲಿನಲ್ಲಿ ಉಬ್ಬಿದ ‘ನರ’ಕ್ಕೆ, ಡಾಕ್ಟರು ವೆರಿಕೋಸ್ ವೇನ್ಸ್ ಎನ್ನುವ ಕಾಯಿಲೆಗೆ, ಬೆಳಗಾವಿಯಲ್ಲಿ ಲೇಸರ್ ಮಾಡಿಸುವ ದಿನ ಗೊತ್ತಾಗಿದೆ, ಅಂದಿನಿಂದ ನಿನಗೆ ನಿದ್ದೆಯಿಲ್ಲ ಎಂದಳು. ನಾನೂ ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಮಗ್ಗದ ಸದ್ದಿನಲ್ಲಿ ಅರ್ಧ ಮಾತು ನಿನಗೆ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ಬರೀ ‘ಹೂಂ’ ಎನ್ನುತ್ತೀಯ. ಆದ್ದರಿಂದ ಈ ಕಾಗದ. ಎರಡೂ ಕಾಲಿಗೆ ಇದನ್ನೇ ಮಾಡಿಸಿಕೊಂಡು ಓಡಾಡುತ್ತಿರುವವಳು ಬರೆಯುತ್ತಿದ್ದೇನೆ ಎಂಬುದನ್ನು ನೆನಪಿಟ್ಟುಕೊಂಡು ಓದು.

‘ನರ ಸುಟ್ಟರೆ ಕಾಲು ಬಿದ್ದುಹೋಗುತ್ತದೆ’ ಎಂದು ಯಾರೋ ನಿನಗೆ ಹೇಳಿದರಂತೆ. ತಪ್ಪು ಅವರದ್ದಲ್ಲ, ನಮ್ಮ ಮಾತಿನದ್ದು. ಕಾಲ ಮೇಲೆ ಹಾವಿನಂತೆ ಹೊರಳಿಕೊಂಡು ಉಬ್ಬಿದ್ದನ್ನು ನಾವೆಲ್ಲ ನರ ಎಂದೇ ಕರೆಯುತ್ತೇವೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನೂ ಮನೆಗೆ ಬಂದರೆ ‘ನರ ಎಳೆಯುತ್ತಿದೆ’ ಎನ್ನುತ್ತಿದ್ದೆ. ಅದು ನರವಲ್ಲ, ರಕ್ತನಾಳ. ಕಾಲನ್ನು ಆಡಿಸುವ ನರ ಬೇರೆ, ಕೊಳೆರಕ್ತವನ್ನು ಮೇಲಕ್ಕೆ ಒಯ್ಯುವ ಈ ನಾಳ ಬೇರೆ. ನಿನ್ನ ಅರ್ಧ ಭಯ ಈ ಒಂದು ಪದದಿಂದ ಹುಟ್ಟಿದ್ದು.

ಕೃಷ್ಣೆಯ ದಂಡೆಯಲ್ಲಿ ಪಂಪ್‌ಸೆಟ್ಟುಗಳನ್ನು ನೋಡುತ್ತ ಬೆಳೆದವನು ನೀನು. ಫುಟ್‌ವಾಲ್ವ್ ಕೆಟ್ಟರೆ ಏನಾಗುತ್ತದೆ? ಪೈಪಿನಲ್ಲಿ ಏರಿದ ನೀರು ಮೋಟರ್ ನಿಂತ ಕೂಡಲೇ ಹೊಳೆಗೆ ಇಳಿದುಹೋಗುತ್ತದೆ. ಕಾಲಿನ ನಾಳದೊಳಗೂ ಅಂಥದೇ ಕವಾಟಗಳು ಅಲ್ಲಲ್ಲಿ ಇರುತ್ತವೆ. ಅವು ಸಡಿಲವಾದರೆ ಮೇಲೇರಬೇಕಾದ ರಕ್ತ ಕೆಳಗೆ ಜಾರಿ ನಿಲ್ಲುತ್ತದೆ, ನಾಳ ಉಬ್ಬುತ್ತದೆ. ಇಲ್ಲಿ ಮೋಟರ್ ಎಂದರೆ ಮೀನಖಂಡ. ನಡೆದಾಗಲೆಲ್ಲ ಅದು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನೀನು ಹದಿನೆಂಟನೆಯ ವಯಸ್ಸಿನಿಂದ ದಿನಕ್ಕೆ ಹತ್ತು ತಾಸು ಪವರ್‌ಲೂಮ್ ಮುಂದೆ ನಿಂತವನು. ಗಮನಿಸು, ನಡೆದವನಲ್ಲ, ನಿಂತವನು. ಮೇಲಾಗಿ ಇದು ನಮ್ಮ ಮನೆತನದ ಆಸ್ತಿ. ನಿನ್ನ ಅಜ್ಜಿಯ ಹಿಮ್ಮಡಿಗಿಂತ ಮೇಲೆ, ಒಳಮಗ್ಗುಲಿಗೆ, ಒಂದು ಹುಣ್ಣು ಇತ್ತಲ್ಲ? ಸುತ್ತಲೂ ಚರ್ಮ ಕಪ್ಪಾಗಿ, ಸೀರೆಯ ಅಂಚು ತಾಗದಂತೆ ಹಳೆಯ ಬಟ್ಟೆ ಸುತ್ತಿಕೊಂಡು ಇರುತ್ತಿದ್ದರು. ಸಕ್ಕರೆ ಕಾಯಿಲೆಯ ಹುಣ್ಣು ಎಂದೇ ನಾವು ತಿಳಿದಿದ್ದೆವು. ಅದೂ ಈ ನಾಳದಿಂದಲೇ ಆದದ್ದೆಂದು, ನನ್ನ ಕಾಲಿಗೂ ಅದೇ ಜಾಗದಲ್ಲಿ ಕಪ್ಪು ಹತ್ತಿದಾಗ ಡಾಕ್ಟರು ಹೇಳಿದ ಮೇಲೆಯೇ ಗೊತ್ತಾದದ್ದು.

‘ನಾಳ ಮುಚ್ಚಿದರೆ ರಕ್ತ ಹೋಗುವುದೆಲ್ಲಿ?’ ಎಂದು ನಾನು ಕೇಳಿದ್ದೆ, ನೀನೂ ಕೇಳುತ್ತೀಯ. ಕಾಲಿನ ಬಹುಪಾಲು ರಕ್ತವನ್ನು ಮಾಂಸದೊಳಗಿನ ಆಳದ ನಾಳಗಳೇ ಒಯ್ಯುತ್ತವೆ. ರಕ್ತದ ಹರಿವನ್ನು ತೋರಿಸುವ ಸ್ಕ್ಯಾನ್, ಅಂದರೆ ಮೊದಲಿನ ಡಾಪ್ಲರ್ ಪರೀಕ್ಷೆಯಲ್ಲಿ ನಿಲ್ಲಿಸಿ ನೋಡುವುದು ಅದನ್ನೇ: ಮೇಲಿನದು ಎಲ್ಲಿಂದ ಸೋರುತ್ತಿದೆ, ಆಳದ್ದು ಸರಿಯಿದೆಯೇ ಎಂದು. ಸೋರುವ ಪೈಪನ್ನು ಮುಚ್ಚಿದರೆ ಹೊಲಕ್ಕೆ ನೀರು ನಿಲ್ಲುವುದಿಲ್ಲ.

ಈಗ ಸಿದ್ಧತೆ. ಹಿಂದೆ ಎದೆನೋವೆಂದು ಹೋದಾಗ ನಿನಗೆ ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟಿದ್ದಾರೆ. ಅದರ ಚೀಟಿಯನ್ನೇ ಒಯ್ದು ತೋರಿಸು. ಅದನ್ನು ನೀನಾಗಿ ನಿಲ್ಲಿಸಬೇಡ, ಮುಚ್ಚಿಡಲೂ ಬೇಡ. ಹಲ್ಲು ಕೀಳಿಸುವಾಗ ಕೊಟ್ಟ ಮರಗಟ್ಟಿಸುವ ಚುಚ್ಚುಮದ್ದಿನಿಂದ ಮೈಮೇಲೆ ಗಂದೆ ಎದ್ದಿದ್ದರೆ ಅದನ್ನೂ ಹೇಳು. ಬೆಳಿಗ್ಗೆ ತಿನ್ನಬೇಕೋ ಉಪವಾಸ ಇರಬೇಕೋ ಎಂಬುದನ್ನು ಅವರನ್ನೇ ಕೇಳು. ಬರೀ ಕಾಲನ್ನು ಮರಗಟ್ಟಿಸುವುದಾದರೆ ಸಾಮಾನ್ಯವಾಗಿ ಹಗುರ ತಿಂಡಿ ಬಿಡುತ್ತಾರೆ, ಮಂಪರು ಕೊಡುವುದಾದರೆ ಬಿಡುವುದಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ರೇಜರ್ ಹಿಡಿದು ಕಾಲು ಬೋಳಿಸುವ ಉತ್ಸಾಹ ಬೇಡ, ಗೀರುಗಳಿಂದ ಸೋಂಕು ಒಳಗೆ ಹೋಗುತ್ತದೆ. ಅಂದು ಕಾಲಿಗೆ ಎಣ್ಣೆಯನ್ನೂ ಹಚ್ಚಬೇಡ. ವಿಮೆ ಇದ್ದರೆ ಪಾಲಿಸಿಯನ್ನು ಮೊದಲೇ ಓದಿಸು. ಈ ಕಾಯಿಲೆಗೆ ಎರಡು ವರ್ಷ ಕಾಯಬೇಕೆಂಬ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ.

ಲೇಸರ್ ಆದ ಮೇಲೆ ಹಾಕಿಕೊಳ್ಳುವ ಬಿಗಿ ಕಾಲುಚೀಲದ ವಿಷಯದಲ್ಲಿ ನಾನು ಮೋಸಹೋದೆ. ಸಂಜೆ ಪೇಟೆಗೆ ಹೋಗಿದ್ದೆ, ಅಂಗಡಿಯವನು ಅಳತೆ ತೆಗೆದುಕೊಂಡು ಒಂದು ಜೊತೆ ಕೊಟ್ಟ. ಸಂಜೆಯ ಬಾವಿನ ಕಾಲಿಗೆ ತೆಗೆದ ಅಳತೆ ಅದು. ಮರುದಿನ ಬೆಳಿಗ್ಗೆ ಹಾಕಿದರೆ ಮಂಡಿಯ ಕೆಳಗೆ ಜಾರಿ ಸುರುಳಿ ಕಟ್ಟಿಕೊಂಡು, ಅಲ್ಲಿಯೇ ಹಗ್ಗ ಬಿಗಿದಂತೆ ಕೂತಿತು. ವಾಪಸು ತೆಗೆದುಕೊಳ್ಳಲಿಲ್ಲ. ಅಳತೆಯನ್ನು ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ತೆಗೆಯಬೇಕು. ಒತ್ತಡದ ದರ್ಜೆ ಎಷ್ಟಿರಬೇಕೆಂದು ಡಾಕ್ಟರು ಬರೆಯುತ್ತಾರೆ, ಅದನ್ನು ಬಿಟ್ಟು ಅಗ್ಗದ್ದು ತರಬೇಡ. ಚಳಿಗಾಲಕ್ಕೆ ದಿನ ಸಿಕ್ಕಿದ್ದು ನಿನ್ನ ಪುಣ್ಯ. ನಾನು ಅದನ್ನು ಏಪ್ರಿಲ್‌ನಲ್ಲಿ, ಜಮಖಂಡಿಯ ಬಿಸಿಲಿನಲ್ಲಿ ಹಾಕಿಕೊಂಡವಳು.

ಲೇಸರ್ ಮಾಡುವ ಹೊತ್ತಿನ ಬಗ್ಗೆ ಹೇಳುವುದು ಬಹಳವಿಲ್ಲ. ಮಂಡಿಯ ಹತ್ತಿರ ಸೂಜಿಯಿಂದ ಒಂದು ರಂಧ್ರ ಮಾಡಿ, ಸ್ಕ್ಯಾನ್ ಪರದೆ ನೋಡುತ್ತ, ನೂಲಿನಂಥ ತಂತಿಯನ್ನು ತೊಡೆಸಂದಿನ ಸಮೀಪದವರೆಗೆ ಸೇರಿಸುತ್ತಾರೆ. ಆಮೇಲೆ ನಾಳದ ಉದ್ದಕ್ಕೂ ಮರಗಟ್ಟಿಸುವ ಔಷಧ ಬೆರೆತ ಉಪ್ಪುನೀರನ್ನು ಚುಚ್ಚುತ್ತಾರೆ. ನೋವೆಂದರೆ ಈ ಚುಚ್ಚುಗಳದ್ದೇ, ಹತ್ತಾರು ಕಡೆ ಇರುವೆ ಕಚ್ಚಿದಂತೆ. ನೋವು ತಡೆಯುವುದಷ್ಟೇ ಅಲ್ಲ, ಬಿಸಿ ಚರ್ಮಕ್ಕೆ ತಟ್ಟದಂತೆ ಸುತ್ತಲೂ ನೀರಿನ ಗೋಡೆ ಕಟ್ಟುವುದೂ ಅದರ ಕೆಲಸ. ತಂತಿಯನ್ನು ಹಿಂದಕ್ಕೆ ಎಳೆಯುತ್ತ ನಾಳವನ್ನು ಒಳಗಿನಿಂದ ಬೇಯಿಸಿ ಮುಚ್ಚುತ್ತಾರೆ. ಒಂದು ತಾಸಿನ ಒಳಗೆ ಮುಗಿಯಿತು. ಪಟ್ಟಿ ಸುತ್ತಿ, ಅಲ್ಲಿಯೇ ಕಾರಿಡಾರಿನಲ್ಲಿ ನಡೆಸಿದರು.

ಹೌದು, ನಡೆಸಿದರು. ಈ ಕಾಗದ ಬರೆಯಲು ಕುಳಿತದ್ದೇ ಈ ಮಾತಿಗಾಗಿ. ನಿನ್ನ ಅವ್ವನನ್ನು ನಾನು ಬಲ್ಲೆ. ನೀನು ಮನೆಗೆ ಬರುವಷ್ಟರಲ್ಲಿ ನಡುಮನೆಯಲ್ಲಿ ಗಾದಿ ಹಾಸಿ, ಕಾಲ ಕೆಳಗೆ ಎರಡು ದಿಂಬು ಇಟ್ಟು, ‘ಹದಿನೈದು ದಿನ ನೆಲ ಮುಟ್ಟಬೇಡ’ ಎನ್ನುತ್ತಾಳೆ. ಹಸಿಮೈ ಬಾಣಂತಿಗೆ ಮಾಡಿದಂತೆ ಮಾಡುತ್ತಾಳೆ. ನನಗೂ ಹಾಗೆಯೇ ಮಾಡಿದರು. ಪ್ರೀತಿ ತಾನೇ ಎಂದು ನಾಲ್ಕು ದಿನ ಮಲಗಿದೆ. ಐದನೆಯ ದಿನ ತೋರಿಸಲು ಹೋದಾಗ ಡಾಕ್ಟರು ಗದರಿದ ಗದರಿಕೆಯನ್ನು ನಾನು ನನ್ನ ಶಾಲೆಯ ಅತಿ ತುಂಟ ಹುಡುಗನಿಗೂ ಗದರಿರಲಿಲ್ಲ. ಮಲಗಿದ ಕಾಲಿನಲ್ಲಿ ರಕ್ತ ನಿಧಾನವಾಗುತ್ತದೆ, ನಿಧಾನವಾದದ್ದು ಆಳದ ನಾಳದಲ್ಲಿ ಹೆಪ್ಪುಗಟ್ಟಬಹುದು. ಕಾಲು ಎತ್ತರಕ್ಕಿಟ್ಟು ಕೂರುವುದು ತಪ್ಪಲ್ಲ, ಅದು ನಡಿಗೆಗಳ ನಡುವಿನ ವಿರಾಮ ಅಷ್ಟೆ. ಎಚ್ಚರವಿರುವ ಪ್ರತಿ ತಾಸಿಗೆ ಹತ್ತು ನಿಮಿಷ ನಡೆ. ಅಂಗಳದಲ್ಲಿ ನಡೆ, ಓಣಿಯಲ್ಲಿ ನಡೆ. ಅವ್ವ ಅತ್ತರೂ ನಡೆ. ಭಾರ ಎತ್ತುವುದು ಮಾತ್ರ ಒಂದೆರಡು ವಾರ ಬೇಡ, ನೂಲಿನ ಬೀಮನ್ನು ಮುಟ್ಟಲೇಬೇಡ.

ಅಂದೇ ಸಂಜೆ ಬೆಳಗಾವಿಯಿಂದ ಬನಹಟ್ಟಿಗೆ ಬಸ್ಸಿನಲ್ಲಿ ಕಾಲು ಮಡಚಿಕೊಂಡು ಕೂರುವ ಸಾಹಸ ಬೇಡ. ಬೆಳಗಾವಿಯ ಖಾಸಬಾಗದಲ್ಲಿಯೇ ನಿನ್ನ ಹೆಂಡತಿಯ ಬಳಗವಿದೆ, ಅವರೂ ಮಗ್ಗದವರೇ, ಬೇಸರಿಸುವುದಿಲ್ಲ. ಅಂದು ರಾತ್ರಿ ಅಲ್ಲಿರು. ಮರುದಿನ ಕಾರಿನಲ್ಲಿ ಹೊರಟರೆ ಗೋಕಾಕದಲ್ಲಿ ಒಮ್ಮೆ, ಮಹಾಲಿಂಗಪುರದಲ್ಲಿ ಒಮ್ಮೆ ಇಳಿದು ನಡೆ. ಕರದಂಟು ಕೊಳ್ಳುವ ನೆಪವಾದರೂ ಆಗುತ್ತದೆ. ಬೈಕನ್ನು ಕಾಲಿನ ನೋವು ಇಳಿಯುವವರೆಗೆ ತಮ್ಮನಿಗೆ ಕೊಡು.

ತೊಡೆ ನೀಲಿಗಟ್ಟುತ್ತದೆ, ಆಮೇಲೆ ಹಳದಿಯಾಗಿ ಮಾಯುತ್ತದೆ. ಮೊದಲ ಮೂರು ದಿನ ‘ಇಷ್ಟೇನಾ?’ ಎನ್ನಿಸುತ್ತದೆ. ಒಂದು ವಾರ ಕಳೆಯುವಾಗ ತೊಡೆಯೊಳಗೆ ಯಾರೋ ದಾರ ಬಿಗಿದು ಎಳೆದಂತೆ ಆಗುತ್ತದೆ. ನಾನು ಒಂಬತ್ತನೆಯ ದಿನ ಹೆದರಿ ಅತ್ತಿದ್ದೆ. ಅದು ಮುಚ್ಚಿದ ನಾಳ ಒಣಗಿ ಕುಗ್ಗುವ ಎಳೆತ. ಕಣಕಾಲಿನ ಒಳಮಗ್ಗುಲಲ್ಲಿ ಸ್ವಲ್ಪ ಜಾಗ ಜೋಮು ಹಿಡಿದಂತೆ ಇದ್ದರೂ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ನೋವಿನ ಮಾತ್ರೆ ಡಾಕ್ಟರು ಬರೆದದ್ದೇ ಇರಲಿ. ಅರಿಶಿನ, ಹರಳೆಣ್ಣೆ, ನೀವುವ ಕೈ ಯಾವುದೂ ಹತ್ತಿರ ಬರಕೂಡದು.

ಹೆದರಬೇಕಾದದ್ದು ಬೇರೆ ಇದೆ. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ, ಆ ಒಂದು ಕಾಲಷ್ಟೇ ಬಾತು ನೋಯತೊಡಗಿದರೆ, ಜ್ವರ ಬಂದು ಚುಚ್ಚಿದ ಜಾಗ ಕೆಂಪಾಗಿ ಕೀವು ಒಸರಿದರೆ, ಅಂದೇ ಫೋನ್ ಮಾಡು. ಎದೆ ಹಿಡಿದಂತಾಗಿ ಉಸಿರಾಡುವುದೇ ಕಷ್ಟವಾದರೆ ಫೋನಿನಲ್ಲಿ ಹೊತ್ತು ಕಳೆಯಬೇಡ, ಬೆಳಗಾವಿಯ ಡಾಕ್ಟರೇ ಬೇಕೆಂದು ಕೂರಬೇಡ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗು. ಇಂಥದ್ದು ಅಪರೂಪ. ಅಪರೂಪವೆಂದೇ ಜನ ತಡಮಾಡುತ್ತಾರೆ. ಏನೂ ಆಗದಿದ್ದರೂ ಅವರು ಹೇಳಿದ ದಿನ ಹೋಗಿ ಮತ್ತೊಮ್ಮೆ ಡಾಪ್ಲರ್ ಮಾಡಿಸಿಕೊ. ‘ಕಾಲು ಚೆನ್ನಾಗಿದೆಯಲ್ಲ, ಮತ್ತೇಕೆ ದುಡ್ಡು?’ ಎಂದು ತಪ್ಪಿಸುವವನು ನೀನು.

ಮಗ್ಗಕ್ಕೆ ಮರಳಿದ ಮೇಲೆ ಒಂದು ಎತ್ತರದ ಸ್ಟೂಲ್ ಮಾಡಿಸಿಕೊ. ನಿಂತಿರುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸು. ಇತರರು ನಕ್ಕರೆ ನಗಲಿ. ಒಂದನ್ನು ಮುಚ್ಚಿಸಿದ ಮಾತ್ರಕ್ಕೆ ಇನ್ನೊಂದು ನಾಳ ಉಬ್ಬುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಬಲಗಾಲನ್ನೂ ಗಮನಿಸುತ್ತಿರು.

ನಾನು ಹಿಂದಿನ ದಿನವೇ ಖಾಸಬಾಗಕ್ಕೆ ಬಂದಿರುತ್ತೇನೆ. ರೊಟ್ಟಿ, ಶೇಂಗಾ ಚಟ್ನಿ ತರುತ್ತೇನೆ, ನೀನು ಏನೂ ಹೊರಬೇಡ. ಸಡಿಲ ಪಂಚೆ ಉಟ್ಟುಕೊಂಡು ಬಾ, ಪ್ಯಾಂಟಿನೊಳಗೆ ಆ ಪಟ್ಟಿ ಹಿಡಿಯುವುದಿಲ್ಲ. ಅವ್ವನಿಗೆ ಮಾತ್ರ ಈ ಕಾಗದದ ಗಾದಿಯ ಭಾಗವನ್ನು ಓದಿ ಹೇಳಬೇಡ. ಅವಳಿಗೆ ನಾನೇ ಬಂದು ಹೇಳುತ್ತೇನೆ.

ನಿನ್ನ ಅತ್ತೆ