ಕಿವಿ ಸತ್ತಿದೆ ಅಂದವನಿಗೆ

ಹಾಸನ
ಶ್ರಾವಣ, ಮಧ್ಯಾಹ್ನ

ಚಿ. ಪುಟ್ಟುವಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿಯ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ಹೊಸ ಗೇಮು, ಹೊಸ ಹೆಡ್‌ಫೋನು ಅಂತ ಮೂರು ಪುಟ ತಮಾಷೆ ಬರೆದು, ಹೊರಟವನು ಹೊಸಿಲ ಮೇಲೆ ನಿಂತು ಹೇಳಿದ ಹಾಗೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ನನ್ನ ಕಿವಿಯೇ ಸತ್ತಿದೆಯೇನೋ ಅತ್ತೆ, ಫೋನಿನ ಶ್ರುತಿ ಅಳೆಯೋ ಟ್ಯೂನರ್ ಹಸಿರು ತೋರಿಸಿದರಷ್ಟೇ ಶ್ರುತಿ ಸೇರಿದ್ದು ಗೊತ್ತಾಗೋದು" ಅಂತ. ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಅರಕಲಗೂಡಿನ ಕಡೆ ಈ ಭಯ ಹಳೆಯದು. ಪಕ್ಕದಲ್ಲೇ ರುದ್ರಪಟ್ಟಣ. ಕರ್ನಾಟಕ ಸಂಗೀತದ ದೊಡ್ಡ ಹಾಡುಗಾರ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರು. ಈಗ ತಂಬೂರಿಯ ಆಕಾರದಲ್ಲೇ ಒಂದು ಗುಡಿ ಇದೆ. ಅಲ್ಲಿಯವರಿಗೆ ಕಾವೇರಿ ನೀರಲ್ಲೇ ಶ್ರುತಿ ಬರುತ್ತೆ, ನಮ್ಮ ಬಾವಿಗೆ ಅದು ಇಳಿಯಲಿಲ್ಲ ಅಂತ ನಮ್ಮಪ್ಪ ನಗುತ್ತಿದ್ದರು. ನಾನು ನಗಲಿಲ್ಲ, ನಂಬಿದೆ. ಮೂವತ್ತನಾಲ್ಕು ವರ್ಷದವರೆಗೂ ಸಂಗೀತ ಪಾಠದ ಕಡೆ ತಲೆ ಹಾಕಲಿಲ್ಲ.

ಆಮೇಲೆ ಸಕಲೇಶಪುರದಲ್ಲಿ ಸೇರಿದೆ. ಬೆಳಿಗ್ಗೆಯಿಂದ ಸ್ಕೂಲಿನಲ್ಲಿ ವಿಜ್ಞಾನ ಹೇಳಿ, ಸಂಜೆ ಲಂಗದ ಹುಡುಗಿಯರ ನಡುವೆ ಸರಳೆ ವರಸೆ, ಸಂಗೀತದ ಮೊದಲ ಪಾಠ. ಆಷಾಢದ ಒಂದು ಸಂಜೆ ನನ್ನ ಸರದಿ ಬಂತು, ನಡುವೆ ಕರೆಂಟು ಹೋಯಿತು. ಶ್ರುತಿ ಪೆಟ್ಟಿಗೆ ಟಕ್ ಅಂತ ನಿಂತಿತು. ಮೇಡಂ ತಾಳ ಬಿಡಲಿಲ್ಲ, ನಾನೂ ಹಾಡಿಕೊಂಡೇ ಹೋದೆ. ಕರೆಂಟು ಬಂದಾಗ ಪೆಟ್ಟಿಗೆಯ ಷಡ್ಜ ಒಂದು ಕಡೆ, ನನ್ನದು ಕೆಳಗೆ ಎಲ್ಲೋ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮಾರನೇ ವಾರ ಮಳೆ ಜೋರು ಅಂತ ಮನೆಯಲ್ಲಿ ಹೇಳಿದೆ. ಅದರ ಮಾರನೇ ವಾರಕ್ಕೂ ಅದೇ ಮಳೆ.

ಪುಟ್ಟೂ, ಅವರು ನಗುವ ಮೊದಲೇ ನನಗೆ ಗೊತ್ತಾಗಿತ್ತು. ಇದು ಹೊಳೆಯುವುದಕ್ಕೆ ನಿನ್ನ ಕಾಗದ ಬರಬೇಕಾಯಿತು ನೋಡು. ಇಳಿದದ್ದು ನನ್ನ ಗಂಟಲು. ಅದನ್ನು ಹಿಡಿದದ್ದು ನನ್ನದೇ ಕಿವಿ. ಸತ್ತ ಕಿವಿಗೆ ಅಷ್ಟು ನಾಚಿಕೆ ಎಲ್ಲಿಂದ ಬರಬೇಕು?

ನಿನ್ನ ಹಸಿರು ದೀಪದ ವಿಷಯ. ಮೇಷ್ಟರ ಚಾಳಿ, ಕ್ಷಮಿಸು. ಆ ಟ್ಯೂನರುಗಳು ಸಾಮಾನ್ಯವಾಗಿ ಪಿಯಾನೋದ ಲೆಕ್ಕದವು. ಸ್ವರದ ದೂರ ಅಳೆಯುವುದು ಸೆಂಟ್‌ನಲ್ಲಿ. ಅರ್ಧ ಸ್ವರಕ್ಕೆ 100 ಸೆಂಟ್, ಹಾಗಾಗಿ ಷಡ್ಜದಿಂದ ನಾಲ್ಕು ಅರ್ಧ ಸ್ವರ ಮೇಲಿರುವ ಅಂತರ ಗಾಂಧಾರ 400ಕ್ಕೆ. ತಂಬೂರಿಯ ಮಂದ್ರ ಷಡ್ಜ ಮೀಟಿ ಸುಮ್ಮನೆ ಕೂತರೆ ಯಾರೂ ಮೀಟದ ಗಾಂಧಾರವೊಂದು ಏಳುತ್ತದಲ್ಲ, ಅದು 386ರ ಹತ್ತಿರ. ಆ ಗಾಂಧಾರವಿರುವ ಮಾಯಾಮಾಳವಗೌಳ ರಾಗದಲ್ಲಿ ನೀನು ತಂಬೂರಿಗೆ ಸೇರಿಸಿ ನಿಂತಾಗಲೇ ಟ್ಯೂನರು ಕೆಂಪು ತೋರಿಸಿ ಬೈದಿರಬಹುದು. ನೀನು ಸರಿಯಾದ ಜಾಗದಿಂದ ಎದ್ದು ಹೋಗಿ ಹಸಿರಿನಲ್ಲಿ ಕೂತಿರಬಹುದು. ಎಲ್ಲ ಸಲವೂ ಹಾಗೇ ಅನ್ನುತ್ತಿಲ್ಲ, ತಪ್ಪೂ ಹಾಡಿರುತ್ತೀಯ.

ಮತ್ತೆ ಆ ಕಿವಿಯ ಮಾತು. 2020ರಲ್ಲಿ ನಿನ್ನ ಗುಂಡಿನ ಗೇಮು ಪಬ್‌ಜಿ ನಿಷೇಧವಾದಾಗ ಸೂತಕದ ಮುಖ ಹೊತ್ತಿದ್ದವನು, ಮಾರನೇ ವರ್ಷ ಅದೇ ಗೇಮು ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂದ ಮೇಲೆ ನಮ್ಮ ಜಗಲಿಯಲ್ಲೇ ಬೀಡುಬಿಟ್ಟಿದ್ದೆ. ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ನೀನು ಪರದೆಯನ್ನೂ ನೋಡದೆ "ಎಡಗಡೆ, ಮೇಲಿನ ಮಹಡಿ, ಇಬ್ಬರು" ಅಂದೆ. ಬರೀ ಹೆಜ್ಜೆ ಸದ್ದಿನಿಂದ! ಆ ಕಿವಿ ಈಗ ಎಲ್ಲಿಗೆ ಹೋಯಿತು? ಆಗ ಹೆದರಿ ಕೇಳುತ್ತಿದ್ದೆ. ಈಗ ದೀಪ ನೋಡುತ್ತೀಯ, ಕೇಳುವುದಿಲ್ಲ, ಅಷ್ಟೇ ಇರಬೇಕು. ಅಥವಾ ನಾನು ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿದ್ದೇನೋ.

ಕಲಿತು ಬಿಟ್ಟವಳು ಹೇಳುವುದಕ್ಕೆ ಏನಿದೆ. ಆದರೂ, ದಿನಕ್ಕೆ ಐದು ನಿಮಿಷ ಫೋನು ಮಗುಚಿ ಇಟ್ಟು ಷಡ್ಜ ಒಂದನ್ನೇ ಹಿಡಿದು ನೋಡು. ಬ್ಲೂಟೂತ್ ಬೇಡ, ಅದರಲ್ಲಿ ಸದ್ದು ತಡವಾಗಿ ಬರುತ್ತೆ, ತಾಳ ತಪ್ಪಿದ್ದಕ್ಕೂ ನಿನ್ನನ್ನೇ ಬೈದುಕೊಳ್ಳುತ್ತೀಯ. ಎರಡು ಕಿವಿಗೂ ಬಿರಡೆ ಜಡಿಯಬೇಡ. ಗೇಮು ಬಿಡು ಅಂತ ನಾನು ಹೇಳುವುದಿಲ್ಲ, ನಿಮ್ಮಮ್ಮನಿಗೆ ಇದನ್ನು ತೋರಿಸಬೇಡ.

ಅಜ್ಜಿಯ ತಂಬೂರಿ ಅಟ್ಟದಿಂದ ಇಳಿಸಿದೆ. ಬುರುಡೆ ಗಟ್ಟಿ ಇದೆ, ಒಂದು ಬಿರಡೆಗೆ ಹುಳು ಹಿಡಿದಿದೆ, ತಂತಿ ಮೂರೇ. ತಂತಿಯಡಿ ಇಡುವ ನೂಲು, ಜೀವ ಅಂತೀವಲ್ಲ, ಅದು ಮುಟ್ಟಿದರೆ ಪುಡಿ. ಗೌರಿ ಹಬ್ಬಕ್ಕೆ ಬರುವಾಗ ತಂತಿ ಒಂದು ಸೆಟ್ ತಾ. ನೂಲು ಬೇಡ, ನನ್ನ ಹೊಲಿಗೆ ಡಬ್ಬಿಯಲ್ಲಿದೆ.

ನಿನ್ನ ಅತ್ತೆ