ಸಭೆ, ತರಬೇತಿ ಏರ್ಪಡಿಸುವ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷದ ದಿನಾಂಕಗಳನ್ನು ಗೊತ್ತುಮಾಡುವ ಮುನ್ನ ದಯವಿಟ್ಟು ಇದನ್ನು ಓದಿ.

ಕಳೆದ ವರ್ಷದ ಹಬ್ಬಗಳ ಪಟ್ಟಿಯನ್ನೇ ನಕಲು ಮಾಡಬೇಡಿ. ಇಸ್ಲಾಮಿಕ್ ಚಾಂದ್ರ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ. ಚಂದ್ರದರ್ಶನಕ್ಕೆ ತಕ್ಕಂತೆ ಈದ್ ಒಂದು ದಿನ ಆಚೀಚೆ ಆಗಬಹುದು, ಅಕ್ಕಪಕ್ಕದ ದಿನಗಳನ್ನೂ ಖಾಲಿ ಬಿಡಿ. ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶನಿವಾರವಾದರೂ ಶುಕ್ರವಾರ ಸೂರ್ಯಾಸ್ತಕ್ಕೇ ಶುರು. ಶನಿವಾರ ಬಿಟ್ಟೆವಲ್ಲ ಎಂದು ಶುಕ್ರವಾರ ರಾತ್ರಿ ಸಭೆ ಇಟ್ಟರೆ ಅದನ್ನು ಪಾಲಿಸುವವರು ಬರಲಾರರು.

ರಂಜಾನ್ ಉಪವಾಸದಲ್ಲಿ ಹಗಲು ನೀರೂ ಕುಡಿಯುವುದಿಲ್ಲ. ಮೈದಣಿಯುವ ಅಭ್ಯಾಸಗಳನ್ನು ಬೆಳಿಗ್ಗೆಯೇ ಮುಗಿಸಿ.

ಹೆಚ್ಚು ಎಡವುವುದು ಊಟದಲ್ಲಿ. ‘ಸಸ್ಯಾಹಾರ’ ಎಂಬ ಒಂದೇ ಚೀಟಿ ಸಾಲದು. ಅನೇಕ ಜೈನರು ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಕೆಲವರು ಸೂರ್ಯಾಸ್ತದ ನಂತರ ಉಣ್ಣುವುದೇ ಇಲ್ಲ. ಜೆಲಟಿನ್ ಹಾಕಿದ ಸಿಹಿತಿಂಡಿ ಸಸ್ಯಾಹಾರವಲ್ಲ, ಏಕೆಂದರೆ ಜೆಲಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಪ್ರತಿ ಪಾತ್ರೆಗೂ ಬೇರೆ ಸೌಟು ಇಡದಿದ್ದರೆ ಪ್ರತ್ಯೇಕ ಅಡುಗೆ ಮಾಡಿಸಿದ್ದೂ ವ್ಯರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದು ಕೇಳುವ ರೀತಿ. ನಿಮ್ಮ ಧರ್ಮ ಯಾವುದು ಎಂದು ಯಾರನ್ನೂ ಕೇಳಬೇಡಿ. ಹೆಸರು, ಉಡುಪು ನೋಡಿ ಊಹಿಸಲೂಬೇಡಿ. ಒಂದೇ ಮನೆಯಲ್ಲಿ ಒಬ್ಬರು ವ್ರತ ಹಿಡಿಯುತ್ತಾರೆ, ಇನ್ನೊಬ್ಬರು ಹಿಡಿಯುವುದಿಲ್ಲ. ‘ಯಾವ ಆಹಾರ ಬೇಡ? ಯಾವ ಸಮಯ ಆಗುವುದಿಲ್ಲ?’ ಇಷ್ಟು ಸಾಕು, ಕಾರಣ ಬೇಕಿಲ್ಲ. ಉತ್ತರ ಗುಂಪಿನಲ್ಲಿ ಬೇಡ, ಒಬ್ಬ ಸಂಚಾಲಕರಿಗೆ ಮಾತ್ರ ಬರಲಿ. ಅಡುಗೆಯವರಿಗೆ ಸಂಖ್ಯೆ ಕೊಡಿ, ಹೆಸರು ಬೇಡ. ಕಾರ್ಯಕ್ರಮ ಮುಗಿದ ಕೂಡಲೇ ಆ ಪಟ್ಟಿಯನ್ನು ಅಳಿಸಿ.